ಹಸುಬೆ, ಸುಣ್ಣದ ಡಬ್ಬಿ ಮತ್ತು ಕುಟ್ಟದ ದಾರಿ

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವರು, ಒಂದು ಪಟ್ಟಿಯನ್ನು ಕಳುಹಿಸಿದ್ದರು. ಗೆಳೆಯರೊಡನೆ ಕುಟ್ಟದ ಕಡೆಯ ಕಾಫಿ ತೋಟವೊಂದಕ್ಕೆ ಕ್ವಾಡ್ ಬೈಕ್ ಸವಾರಿಗೆ ಹೋಗುತ್ತಾರಂತೆ. ಪಂಕ್ಚರ್ ಹಾಕುವ ಸಾಮಾನು, ಗಾಳಿ ಪಂಪು, ಎಳೆಯುವ ಹಗ್ಗ, ಟಾರ್ಚು, ನೀರು, ಮಳೆಯಂಗಿ, ಸೀಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕು, ಇವಿಷ್ಟು ಅದರಲ್ಲಿದ್ದವು. ಕೊನೆಯಲ್ಲಿ ಒಂದು ಪ್ರಶ್ನೆ: "ಸಾರ್, ಹಿಂದಿನ ಕಾಲದವರು ಆ ದಾರಿಯಲ್ಲಿ ಹೋಗುವಾಗ ಏನೇನು ಕಟ್ಟಿಕೊಂಡು ಹೋಗುತ್ತಿದ್ದರು?" ಪ್ರಶ್ನೆ ಸಣ್ಣದು. ಉತ್ತರ ಬರೆಯಲು ಕುಳಿತಾಗ ಅದು ಕೊಡಗಿನ ಚರಿತ್ರೆಯ ಒಂದು ಅಧ್ಯಾಯವೇ ಆಗಿಬಿಟ್ಟಿತು. ಉಳಿದವರೂ ಓದಲೆಂದು ಇಲ್ಲಿ ಹಾಕುತ್ತಿದ್ದೇನೆ.

ಕುಟ್ಟವನ್ನು ನೋಡದವರಿಗಾಗಿ ಎರಡು ಮಾತು. ಕೊಡಗಿನ ದಕ್ಷಿಣದ ತುದಿಯ ಊರು ಇದು. ಪೂರ್ವಕ್ಕೆ ನಾಗರಹೊಳೆಯ ಅರಣ್ಯ, ಪಶ್ಚಿಮಕ್ಕೆ ಬ್ರಹ್ಮಗಿರಿಯ ಸಾಲು, ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ವಯನಾಡಿನ ತೋಲ್ಪೆಟ್ಟಿ. ಅಲ್ಲಿಂದ ಕಾಟಿಕುಳಂ ಮಾರ್ಗವಾಗಿ ಮಾನಂದವಾಡಿ ತಲುಪಬಹುದು. ನಡುವೆ ಒಂದು ಕವಲು ತಿರುನೆಲ್ಲಿಗೆ ಹೋಗುತ್ತದೆ. ಈಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಆನೆ ಕಂಡೀತೇ ಎಂದು ನೋಡುತ್ತಾ ಸಾಗುವ ಈ ದಾರಿಯನ್ನು ಹಿಂದಿನವರು ಕಾಲ್ನಡಿಗೆಯಲ್ಲಿ, ಎತ್ತುಗಳನ್ನು ಮುಂದಿಟ್ಟುಕೊಂಡು ಕ್ರಮಿಸುತ್ತಿದ್ದರು.

ಏಕೆ ಹೋಗುತ್ತಿದ್ದರು? ಮುಖ್ಯವಾಗಿ ಉಪ್ಪಿಗಾಗಿ. ಕೊಡಗಿನ ಗದ್ದೆಗಳಲ್ಲಿ ಭತ್ತಕ್ಕೆ ಕೊರತೆಯಿರಲಿಲ್ಲ; ಆದರೆ ಉಪ್ಪು ಸಮುದ್ರದ ಕಡೆಯಿಂದಲೇ ಬರಬೇಕು. ತೆಂಗಿನಕಾಯಿ, ಎಣ್ಣೆ, ಒಣಮೀನು ಸಹ ಅಲ್ಲಿಂದಲೇ. ಆದ್ದರಿಂದ ಅಕ್ಕಿ ಘಟ್ಟ ಇಳಿಯುತ್ತಿತ್ತು, ಉಪ್ಪು ಘಟ್ಟ ಏರುತ್ತಿತ್ತು. ಗಾಡಿ ಹೋಗುವ ರಸ್ತೆಗಳಿಲ್ಲದ ಆ ಕಾಲದಲ್ಲಿ ಹೊರುವ ಕೆಲಸ ಹೇರೆತ್ತಿನದು.

ಹೇರೆತ್ತಿನ ಬೆನ್ನಿನ ಮೇಲೆ ಹಾಕುವ ಜೋಡಿ ಚೀಲಕ್ಕೆ ಹಸುಬೆ ಎಂದು ಹೆಸರು. ಇಂದಿನ ಮಕ್ಕಳಿಗೆ ಈ ಪದವೇ ಅಪರಿಚಿತ. ನಡುವೆ ಪಟ್ಟಿ, ಎರಡು ಪಕ್ಕಕ್ಕೆ ಎರಡು ಚೀಲ. ಎರಡೂ ಚೀಲಗಳ ತೂಕ ಸಮವಾಗಿರಬೇಕು. ಒಂದು ಪಕ್ಕ ಹೆಚ್ಚಾದರೆ ಹಸುಬೆ ಜಾರುತ್ತದೆ, ಜಾರಿದ ಕಡೆ ಬೆನ್ನು ಉಜ್ಜಿ ಹುಣ್ಣಾಗುತ್ತದೆ, ಹುಣ್ಣಾದ ಎತ್ತು ಮರುದಿನ ನಡೆಯಲಾರದು. ಕಾಡಿನ ನಡುವೆ ಎತ್ತು ನಿಂತರೆ ಅದರ ಹೊರೆಯನ್ನು ಹೊರುವವರು ಯಾರು? ಆದ್ದರಿಂದ ಹೊರಡುವ ಮುನ್ನ ಹಸುಬೆಯನ್ನು ತುಂಬುವುದೇ ಒಂದು ವಿದ್ಯೆ. ಬೆನ್ನಿಗೆ ಮೆತ್ತೆ ಹಾಕಿ, ಭಾರವಾದುದನ್ನು ಕೆಳಗಿಟ್ಟು, ಎರಡು ಕಡೆಯನ್ನೂ ಕೈಯಿಂದ ಎತ್ತಿ ಎತ್ತಿ ನೋಡಿ ಸರಿದೂಗಿಸುತ್ತಿದ್ದರು. ಕ್ವಾಡ್ ಬೈಕಿನ ಹಿಂದೆ ಮುಂದೆ ಇರುವ ಕಂಬಿಗಳ ಮೇಲೆ ಸಾಮಾನು ಕಟ್ಟುವವರಿಗೂ ಇದೇ ನಿಯಮ: ಭಾರ ತಗ್ಗಿನಲ್ಲಿರಬೇಕು, ಎರಡೂ ಕಡೆ ಹಂಚಿರಬೇಕು. ಎತ್ತರಕ್ಕೆ ಪೇರಿಸಿದರೆ ಇಳಿಜಾರಿನಲ್ಲಿ ಗಾಡಿ ಮಗುಚುತ್ತದೆ. ಎತ್ತು ಅಷ್ಟು ಸುಲಭವಾಗಿ ಮಗುಚುವುದಿಲ್ಲ ಎಂಬುದೊಂದೇ ವ್ಯತ್ಯಾಸ!

ಈ ಹೇರಿನ ನೆನಪು ಪೂರ್ತಿ ಅಳಿದಿಲ್ಲ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದ ಹಬ್ಬದಲ್ಲಿ ಅಕ್ಕಿ ಹೊತ್ತ ಎತ್ತುಗಳು ದೇವಾಲಯಕ್ಕೆ ಪ್ರದಕ್ಷಿಣೆ ಬರುತ್ತವೆ. ಅದಕ್ಕೆ ಎತ್ತು ಪೋರಾಟ ಎನ್ನುತ್ತಾರೆ. ಕೇರಳದ ಪಯ್ಯಾವೂರಿನ ಶಿವ ದೇವಾಲಯದ ಊಟ್ಟು ಉತ್ಸವಕ್ಕೂ ಕೊಡಗಿನಿಂದ ಎತ್ತುಗಳ ಮೇಲೆ ಅಕ್ಕಿ ಒಯ್ಯುವ ಸಂಪ್ರದಾಯವಿದೆ. ವ್ಯಾಪಾರ ನಿಂತ ಮೇಲೂ ವ್ಯಾಪಾರದ ದಾರಿ ದೇವರ ಹೆಸರಿನಲ್ಲಿ ಉಳಿದುಕೊಂಡಿತು ಎಂದು ನನಗನ್ನಿಸುತ್ತದೆ.

ಎತ್ತಿನ ಬೆನ್ನು ರಾಜಕಾರಣವನ್ನೂ ಹೊತ್ತಿದೆ. 1788ರ ಡಿಸೆಂಬರಿನಲ್ಲಿ ದೊಡ್ಡ ವೀರರಾಜೇಂದ್ರನು ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು, ಕುಟ್ಟಕ್ಕೆ ಅಷ್ಟೇನೂ ದೂರವಲ್ಲದ ಕುರ್ಚಿ ಗ್ರಾಮಕ್ಕೆ ಬಂದನು. 1790ರಲ್ಲಿ ಇಂಗ್ಲಿಷರೊಡನೆ ಒಪ್ಪಂದ. 1791ರ ಆರಂಭದಲ್ಲಿ ಜನರಲ್ ಅಬರ್ಕ್ರಾಂಬಿಯ ಬೊಂಬಾಯಿ ಸೈನ್ಯ ಮಲಬಾರಿನಿಂದ ಘಟ್ಟ ಹತ್ತಿ ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆಗೆ ನಡೆದಾಗ, ಅದಕ್ಕೆ ಧಾನ್ಯವನ್ನೂ ದನಗಳನ್ನೂ ಒದಗಿಸಿದವನು ಇದೇ ಅರಸ. ಆ ಭೇಟಿಯ ನೆನಪಿಗೆ 1792ರಲ್ಲಿ ಕಟ್ಟಿಸಿದ ಪೇಟೆಯೇ ವೀರರಾಜೇಂದ್ರಪೇಟೆ, ನಮ್ಮ ವಿರಾಜಪೇಟೆ.

ಅದೇ 1791ರ ಮೇ ತಿಂಗಳಿನಲ್ಲಿ ಇನ್ನೊಂದು ದಿಕ್ಕಿನಿಂದ ಬಂದಿದ್ದ ಕಾರ್ನ್‌ವಾಲಿಸನ ಕಥೆ ಏನಾಯಿತು? ಅರಕೆರೆಯ ಬಳಿ ಕಾಳಗದಲ್ಲಿ ಗೆದ್ದನು. ಆದರೆ ಮೇವಿಲ್ಲದೆ, ರೋಗದಿಂದ, ಮಳೆಯಿಂದ ಅವನ ಎತ್ತುಗಳು ಸಾವಿರಗಟ್ಟಲೆ ಸತ್ತವು. ಕೋಟೆ ಒಡೆಯುವ ಭಾರೀ ಫಿರಂಗಿಗಳನ್ನು ಎಳೆಯುವವರಿಲ್ಲದೆ ಅವನ್ನು ತಾನೇ ನಾಶಮಾಡಿ ಹಿಂದಿರುಗಿದನು. ದಾರಿಯಲ್ಲಿ, ಮೇಲುಕೋಟೆಯ ಹತ್ತಿರ, ಮರಾಠರ ಸೈನ್ಯ ಬೇಕಾದಷ್ಟು ಸಾಮಗ್ರಿಯೊಡನೆ ಎದುರಾಯಿತು! ಕೆಲವೇ ದಿನಗಳ ಅಂತರ. ಮುಂದಿನ ವರ್ಷ ಅವನು ಮತ್ತೆ ಬಂದಾಗ ಸೈನ್ಯಕ್ಕೆ ಧಾನ್ಯ ಹೊತ್ತವರಲ್ಲಿ ಲಂಬಾಣಿಗರ ಹೇರೆತ್ತಿನ ತಂಡಗಳೇ ಪ್ರಮುಖ. ನಾನು ಪಾಠ ಮಾಡುತ್ತಿದ್ದ ಪುಸ್ತಕದಲ್ಲಿ ಯುದ್ಧದ ಇಸವಿಗಳಿದ್ದವು, ಒಪ್ಪಂದದ ಷರತ್ತುಗಳಿದ್ದವು. ಎತ್ತು ಒಂದೂ ಇರಲಿಲ್ಲ. ಪರೀಕ್ಷೆಗೆ ಎತ್ತು ಬರುವುದಿಲ್ಲವಲ್ಲ.

ಇನ್ನು ಹೇರಿನ ಮಾತು ಬಿಟ್ಟು ಮನುಷ್ಯನ ಸ್ವಂತ ಗಂಟಿನ ವಿಷಯ. ಕೊಡಗಿನವರೆಂದರೆ ಕೋವಿ ಎಂದು ಹೊರಗಿನವರು ತಿಳಿಯುತ್ತಾರೆ. ಕೋವಿಗೆ 1861ರಲ್ಲಿ ಮಾರ್ಕ್ ಕಬ್ಬನ್ ನೀಡಿದ ವಿನಾಯಿತಿ ಪ್ರಸಿದ್ಧವೇ. ಆದರೆ ದಾರಿಯ ಆಪತ್ತುಗಳಲ್ಲಿ ಹೆಚ್ಚಿನವು ಕೋವಿಗೆ ಹೆದರುವಂಥವಲ್ಲ. ಮಳೆಗಾಲದ ಜಿಗಣೆಗೆ ಗುಂಡು ಹೊಡೆಯಲಾದೀತೆ? ಅದಕ್ಕೆ ಬೇಕಾದದ್ದು ಸುಣ್ಣ, ಹೊಗೆಸೊಪ್ಪು, ಉಪ್ಪು. ನಮ್ಮ ಅಜ್ಜಿ ಊರಿಂದೂರಿಗೆ ಹೊರಟವರ ಕೈಗೆ ಮೊದಲು ಕೊಡುತ್ತಿದ್ದದ್ದು ಸುಣ್ಣದ ಡಬ್ಬಿ. ಎಲೆಯಡಿಕೆ ಹಾಕದವರಿಗೂ ಕೊಡುತ್ತಿದ್ದರು. ಜಿಗಣೆಯ ಬಾಯಿಗೆ ಸುಣ್ಣ ತಾಗಿಸಿದರೆ ತಾನಾಗಿಯೇ ಉದುರುತ್ತಿತ್ತು. ಅದರ ಜೊತೆಗೆ ಒಣಶುಂಠಿ, ಕಾಳುಮೆಣಸು, ಒಂದು ಬುತ್ತಿ ಅವಲಕ್ಕಿ, ಕತ್ತಿ, ಹಗ್ಗ, ಕಂಬಳಿ. ಕಂಬಳಿ ಎಂದರೆ ಮಳೆಯಂಗಿ, ಹಾಸಿಗೆ, ಹೊದಿಕೆ, ಕೆಲವೊಮ್ಮೆ ಗಾಯಗೊಂಡವನನ್ನು ಎರಡು ಕೋಲಿಗೆ ಕಟ್ಟಿ ಹೊರುವ ಡೋಲಿ, ಎಲ್ಲವೂ ಅದೇ. ಬೆಂಕಿಯನ್ನು ಮಾತ್ರ ಬೇರೆಯಾಗಿ, ನೀರು ತಾಗದಂತೆ ಒಯ್ಯುತ್ತಿದ್ದರು: ಹಿಂದೆ ಚಕಮಕಿ ಕಲ್ಲು, ಆಮೇಲೆ ಬೆಂಕಿಪೊಟ್ಟಣ. ರಾತ್ರಿ ಆನೆಯನ್ನು ದೂರವಿಟ್ಟದ್ದು ಆ ಬೆಂಕಿ.

ಎಲ್ಲಕ್ಕಿಂತ ದೊಡ್ಡ ಆಪತ್ತು ಚಳಿಜ್ವರ. ವಯನಾಡು ಮತ್ತು ಅದರ ಅಂಚಿನ ಕಾಡುಗಳು ಮಲೇರಿಯಕ್ಕೆ ಕುಖ್ಯಾತವಾಗಿದ್ದವು. ಕಾಡಿನ ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಎಲ್ಲರ ನಂಬಿಕೆ, ಬಿಳಿಯರದ್ದೂ. ರೊನಾಲ್ಡ್ ರಾಸ್ 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ರೋಗಾಣುವನ್ನು ಕಂಡನು. ಆ ಸಂಶೋಧನೆಗೆ ಕೆಲವು ತಿಂಗಳ ಮೊದಲು ನೀಲಗಿರಿಯ ಸೀಗೂರು ಘಾಟಿಗೆ ಹೋಗಿ ಅವನೇ ಮಲೇರಿಯ ತಗಲಿಸಿಕೊಂಡಿದ್ದನು! ಅದೇ ನೀಲಗಿರಿಯಲ್ಲಿ 1860ರ ದಶಕದಿಂದ ಸಿಂಕೋನಾ ಮರಗಳನ್ನು ಬೆಳೆಸಿ, ಅದರ ತೊಗಟೆಯಿಂದ ಕ್ವಿನೈನ್ ತಯಾರಿಸಿದರು. ಬಂಗಾಳದಲ್ಲಿ 1892ರಿಂದ ಅಂಚೆ ಕಚೇರಿಗಳಲ್ಲೇ ಒಂದು ಪೈಸೆಗೆ ಒಂದು ಪೊಟ್ಟಣ ಕ್ವಿನೈನ್ ಮಾರತೊಡಗಿದರು. ಕಾಗದದ ಜೊತೆಗೆ ಔಷಧಿ! ಸ್ವಾತಂತ್ರ್ಯದ ನಂತರ, 1953ರಲ್ಲಿ, ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿ ತಾರೀಖು ಬರೆದು ಹೋಗುತ್ತಿದ್ದ ಸಿಬ್ಬಂದಿ ನನ್ನ ಬಾಲ್ಯದ ಚಿತ್ರಗಳಲ್ಲಿ ಒಂದು.

ವಿದ್ಯಾರ್ಥಿಮಿತ್ರರ ಪಟ್ಟಿಗೆ ನಾನು ಸೇರಿಸಿದ್ದು ಇಷ್ಟು: ಉಪ್ಪು, ನೀರು ತಾಗದ ಡಬ್ಬಿಯಲ್ಲಿ ಬೆಂಕಿಪೊಟ್ಟಣ, ಒಂದು ಕಂಬಳಿ, ಒಂದು ಕಾಗದದ ಮೇಲೆ ಬರೆದ ಫೋನ್ ನಂಬರುಗಳು. ಬ್ರಹ್ಮಗಿರಿಯ ಬುಡದಲ್ಲಿ ಮೊಬೈಲಿಗೆ ಸಂಕೇತ ಸಿಗದ ಜಾಗಗಳು ಬೇಕಾದಷ್ಟಿವೆ. ತೋಟದ ಗಡಿ ದಾಟಿ ಕಾಡಿಗೆ ಬೈಕು ನುಗ್ಗಿಸಬೇಡಿ, ಅದು ಸಂರಕ್ಷಿತ ಅರಣ್ಯ, ಕಾನೂನಿದೆ, ಆನೆಯೂ ಇದೆ ಎಂದು ಎಚ್ಚರಿಸಿದೆ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಜರಿದಾಗ, 2024ರ ಜುಲೈಯಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದಾಗ, ಉಟ್ಟ ಬಟ್ಟೆಯಲ್ಲಿ ಓಡಿದವರನ್ನು ನೆನೆದರೆ, ಸವಾರಿಗೆ ಹೋಗದವರ ಮನೆಯ ಬಾಗಿಲ ಬಳಿಯೂ ಇಂಥ ಒಂದು ಗಂಟು ಇರುವುದು ಒಳ್ಳೆಯದು.

ಒಂದು ವಿಷಯ ಉಳಿಯಿತು. ಹಸುಬೆ ಹೊರಲು ಎತ್ತಿತ್ತು ಸರಿ. ಎತ್ತು ಹೋಗದ ಕಡೆ? ತಲೆಹೊರೆ ಹೊತ್ತವರು ಯರವರು, ಪಣಿಯರು, ಕುರುಬರು. ಬೇಟೆಗೆ ಬಂದ ದೊರೆಗಳ ಡೇರೆ, ಪೆಟ್ಟಿಗೆ, ಔಷಧಿಯ ಬಾಟಲಿ ಎಲ್ಲವೂ ಯಾರೋ ಒಬ್ಬರ ತಲೆಯ ಮೇಲೆ ನಡೆದದ್ದೇ. ಅವರ ಸ್ವಂತ ಗಂಟಿನಲ್ಲಿ ಒಂದು ಕತ್ತಿ, ಒಂದಿಷ್ಟು ಎಲೆಯಡಿಕೆ. ಯಾವ ಗೆಡ್ಡೆ ತಿನ್ನಬಹುದು, ಯಾವ ತೊರೆಯ ನೀರು ಕುಡಿಯಬಹುದು, ಗಾಳಿ ಯಾವ ಕಡೆಯಿಂದ ಬೀಸಿದರೆ ಆನೆಗೆ ನಮ್ಮ ವಾಸನೆ ಹೋಗುತ್ತದೆ, ಇದು ಮಾತ್ರ ಅವರ ಬಳಿಯೇ ಇತ್ತು. ದಾರಿ ತಪ್ಪಿದವರನ್ನು ಊರು ಸೇರಿಸಿದ್ದು ಹೆಚ್ಚಾಗಿ ಅದೇ. ಅರಸನೇ ಬರೆಸಿದ ರಾಜೇಂದ್ರನಾಮೆಯಲ್ಲಿ ಅವರ ಹೆಸರನ್ನು ಹುಡುಕುವುದು ವ್ಯರ್ಥ.

ಮಾನಂದವಾಡಿಯ ಹತ್ತಿರ ವಳ್ಳಿಯೂರುಕಾವು ಎಂಬ ದೇವಿಯ ಕ್ಷೇತ್ರವಿದೆ. ಅಲ್ಲಿಯ ವಾರ್ಷಿಕ ಉತ್ಸವದಲ್ಲಿ ಜಮೀನುದಾರರು ಮುಂಗಡ ಹಣ ಕೊಟ್ಟು ಅಡಿಯರನ್ನೂ ಪಣಿಯರನ್ನೂ ಒಂದು ವರ್ಷದ ದುಡಿಮೆಗೆ ಕಟ್ಟಿಹಾಕಿಕೊಳ್ಳುತ್ತಿದ್ದರು. ನಮ್ಮ ಕಡೆ ಯರವರೆನ್ನುವವರನ್ನೇ ವಯನಾಡಿನಲ್ಲಿ ಅಡಿಯರೆನ್ನುತ್ತಾರೆ. ಜೀತ ಪದ್ಧತಿಯನ್ನು ರದ್ದುಮಾಡುವ ಕಾಯಿದೆ 1976ರಲ್ಲಿ ಬಂದಿತು. ಉತ್ಸವ ಈಗಲೂ ಮಾರ್ಚಿಯಲ್ಲಿ ನಡೆಯುತ್ತದೆ.