ಮುಂಬಯಿ–ಲಂಡನ್ ವಿಮಾನಮಾರ್ಗ: ದೂರ ಮತ್ತು ಕಾಲ

ಮುಂಬಯಿಗೂ ಲಂಡನ್ನಿಗೂ ನಡುವಣ ಅತಿ ಹತ್ತಿರದ ಆಕಾಶಮಾರ್ಗವು ಸುಮಾರು 7,200 ಕಿಲೋಮೀಟರುಗಳಷ್ಟಿದೆ. ಈ ಸಂಖ್ಯೆ ಎಂದೂ ಬದಲಾದುದಲ್ಲ. ಬದಲಾದುದು ಪ್ರಯಾಣದ ಕಾಲ. ಸೂಯೆಜ್ ಮಾರ್ಗದ ಹಡಗುಗಳ ಯುಗದಲ್ಲಿ ಅಂಚೆಯು ಈ ದೂರವನ್ನು ದಾಟಲು ಸುಮಾರು ಎರಡು ವಾರ ಬೇಕಾಗುತ್ತಿತ್ತು. ಇಂದು ನೇರ ವಿಮಾನಕ್ಕೆ ಒಂಬತ್ತು–ಹತ್ತು ಗಂಟೆಗಳು ಸಾಕು. ಈ ವ್ಯತ್ಯಾಸವನ್ನು ಯಂತ್ರಶಕ್ತಿಯ ವಿಜಯವೆಂದೇ ಬೋಧಿಸುವ ವಾಡಿಕೆಯುಂಟು. ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ವಿಮಾನದ ವೇಗವನ್ನು ಯಂತ್ರವು ನಿರ್ಧರಿಸುತ್ತದೆ. ಅದು ಹಾರುವ ದಾರಿಯನ್ನು ರಾಜ್ಯಗಳು ನಿರ್ಧರಿಸುತ್ತವೆ.

ಪ್ರತಿಯೊಂದು ರಾಜ್ಯಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣಾಧಿಕಾರವಿದೆಯೆಂಬ ತತ್ತ್ವವನ್ನು 1919ರ ಪ್ಯಾರಿಸ್ ಒಪ್ಪಂದವು ಅಂಗೀಕರಿಸಿತು. ಇದರ ಪರಿಣಾಮವು ಹತ್ತೇ ವರ್ಷಗಳಲ್ಲಿ ಸ್ಪಷ್ಟವಾಯಿತು. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ಲಂಡನ್–ಕರಾಚಿ ಮಾರ್ಗವನ್ನು ಆರಂಭಿಸಿತು. ಫ್ರಾನ್ಸಿನ ಗಡಿಯನ್ನು ದಾಟಿ ವಿಮಾನಗಳು ಒಳಬರುವುದಕ್ಕೆ ಇಟಲಿ ಸಮ್ಮತಿಸದಿದ್ದುದರಿಂದ, ಪ್ರಯಾಣಿಕರು ಬಾಸೆಲಿನಲ್ಲಿ ಇಳಿದು, ಜಿನೋವಾದವರೆಗೆ ರೈಲಿನಲ್ಲಿ ಸಾಗಿ, ಅಲ್ಲಿ ಕಡಲ ವಿಮಾನವನ್ನು ಏರಬೇಕಾಯಿತು. ಕರಾಚಿಯನ್ನು ತಲುಪಲು ಏಳು ದಿನಗಳು ಹಿಡಿದವು. ಪರ್ಷಿಯಾ ತನ್ನ ಕರಾವಳಿಯ ಮೇಲೆ ನಿಯಮಿತ ಅವಧಿಗೆ ಮಾತ್ರ ಅನುಮತಿಯಿತ್ತಿತ್ತು. ಆ ಅವಧಿ ತೀರಲು, 1932ರಲ್ಲಿ ಮಾರ್ಗವು ಕೊಲ್ಲಿಯ ಅರಬ್ ತೀರಕ್ಕೆ ಸರಿಯಿತು. ಷಾರ್ಜಾ ನಿಲುದಾಣದ ಉದಯಕ್ಕೆ ಇದೇ ಹಿನ್ನೆಲೆ.

ಅದೇ ವರ್ಷದ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆಯನ್ನು ತಂದರು. ಅದನ್ನು ಅಲ್ಲಿಂದ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದು ಇಂದು ಕರ್ನಾಟಕದಲ್ಲಿರುವ ಬಳ್ಳಾರಿಯು, ಹೀಗೆ ಲಂಡನ್ನಿನ ವಾಯುಸರಪಳಿಯ ಒಂದು ಕೊಂಡಿಯಾಯಿತು.

1944ರ ಷಿಕಾಗೋ ಒಪ್ಪಂದವು ಆಕಾಶದ ಮೇಲಣ ರಾಜ್ಯಾಧಿಕಾರವನ್ನು ಪುನಃ ದೃಢಪಡಿಸಿತು. ಸ್ವತಂತ್ರ ಭಾರತವು ಈ ಅಧಿಕಾರವನ್ನು ತಾನೂ ಪಡೆಯಿತು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ‘ಮಲಬಾರ್ ಪ್ರಿನ್ಸೆಸ್’ ವಿಮಾನವು 35 ಪ್ರಯಾಣಿಕರೊಡನೆ ಮುಂಬಯಿಯಿಂದ ಹೊರಟು, ಕೈರೋ ಮತ್ತು ಜಿನೀವಾಗಳಲ್ಲಿ ನಿಂತು, ಎರಡು ದಿನಗಳೊಳಗೆ ಲಂಡನ್ನನ್ನು ತಲುಪಿತು. 1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದ ಮೇಲೆ ವೇಗವು ಗಂಟೆಗೆ ಸುಮಾರು 500 ಕಿಲೋಮೀಟರುಗಳಿಂದ 900ಕ್ಕೆ ಏರಿತು. ಇಲ್ಲಿ ಯಂತ್ರದ ಪಾತ್ರ ನಿರ್ವಿವಾದವಾದುದು.

ಆದರೆ ಯಂತ್ರವು ರಾಜ್ಯದ ಗಡಿಯನ್ನು ಅಳಿಸಲಿಲ್ಲ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನವು ತನ್ನ ಆಕಾಶವನ್ನು ಮುಚ್ಚಿದಾಗ, ಭಾರತದಿಂದ ಪಶ್ಚಿಮಕ್ಕೆ ಹೋಗುವ ಅನೇಕ ವಿಮಾನಗಳು ಬಳಸುದಾರಿ ಹಿಡಿದವು. ದೆಹಲಿಯಿಂದ ಇಸ್ತಾಂಬುಲಿಗೆ ನೇರವಾಗಿ ಹೋಗಬೇಕಾದ ವಿಮಾನವು ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಆ ಆಕಾಶವು ಭಾರತೀಯ ವಿಮಾನಗಳಿಗೆ ಮತ್ತೆ ಮುಚ್ಚಿತು. ಬಾಸೆಲಿನಲ್ಲಿ ರೈಲು ಹತ್ತಿದ 1929ರ ಪ್ರಯಾಣಿಕನಿಗೂ ದೋಹಾದಲ್ಲಿ ಕಾದು ಕುಳಿತ 2019ರ ಪ್ರಯಾಣಿಕನಿಗೂ ಒದಗಿದ ತೊಡಕು ಒಂದೇ ಬಗೆಯದು.

ಆದುದರಿಂದ ಸಂಚಾರದ ಇತಿಹಾಸವನ್ನು ಬೋಧಿಸುವಾಗ ವಿಮಾನಗಳ ಹೆಸರು, ವೇಗಗಳ ಪಟ್ಟಿಯನ್ನು ಒಪ್ಪಿಸಿದರೆ ಸಾಲದು. ಪ್ರತಿಯೊಂದು ನಿಲುಗಡೆಯ ಹಿಂದೆಯೂ ಯಾರ ಅನುಮತಿ ಇತ್ತು, ಯಾರ ನಿರಾಕರಣೆ ಇತ್ತು ಎಂಬುದನ್ನು ವಿದ್ಯಾರ್ಥಿಗಳು ಕೇಳುವಂತಾಗಬೇಕು. ಪ್ರಯಾಣಪಟ್ಟಿಯಲ್ಲಿ ಅಚ್ಚಾದ ಗಂಟೆಗಳೂ ಇತಿಹಾಸದ ದಾಖಲೆಗಳೇ.