ಕಾವಲಿನ ಕಸುಬು ಮತ್ತು ಮಿದುಳಿನ ಎಚ್ಚರ

ಕೋಟೆಯ ಬುರುಜಿನ ಮೇಲೆ, ಹಡಗಿನ ಕೂವೆಯ ತುದಿಯಲ್ಲಿ, ಗಡಿಯ ಠಾಣೆಯಲ್ಲಿ ಕಾವಲು ನಿಂತವನ ಕೆಲಸ ಯುಗಯುಗಗಳಿಂದಲೂ ಒಂದೇ ಆಗಿತ್ತು: ಗಂಟೆಗಟ್ಟಲೆ ಏನೂ ನಡೆಯದ ಕಡೆ ಕಣ್ಣು ನೆಟ್ಟು, ಅಪರೂಪಕ್ಕೊಮ್ಮೆ ನಡೆಯುವುದನ್ನು ತಪ್ಪದೆ ಗುರುತಿಸುವುದು. ಹೀಗೆ ಗುರುತಿಸದೆ ಹೋದವನನ್ನು ಸೈನ್ಯಗಳು ಕರ್ತವ್ಯಭ್ರಷ್ಟನೆಂದೇ ಬಗೆದವು. ಯುದ್ಧಕಾಲದಲ್ಲಿ ಪಹರೆಯ ಮೇಲೆ ನಿದ್ದೆಹೋದ ಬ್ರಿಟಿಷ್ ಸೈನಿಕನಿಗೆ ಮೊದಲ ಮಹಾಯುದ್ಧದಲ್ಲಿಯೂ ಮರಣದಂಡನೆ ವಿಧಿಸಬಹುದಾಗಿತ್ತು. ನಿದ್ದೆಹೋಗದೆ ನಿಷ್ಠೆಯಿಂದ ನೋಡುತ್ತ ಕುಳಿತವನೂ ಕಣ್ಣೆದುರಿನ ಗುರುತನ್ನು ಕಾಣದೆ ಹೋಗಬಲ್ಲನೆಂಬುದು ಪ್ರಯೋಗದಿಂದ ಸಿದ್ಧವಾದದ್ದು ಎರಡನೆಯ ಮಹಾಯುದ್ಧದ ವೇಳೆಗೆ, ರೇಡಾರ್ ಎಂಬ ಹೊಸ ಯಂತ್ರದಿಂದಾಗಿ.

ಜರ್ಮನಿಯ ಜಲಾಂತರ್ಗಾಮಿಗಳನ್ನು ಹುಡುಕಿಕೊಂಡು ಸಮುದ್ರದ ಮೇಲೆ ದೀರ್ಘಕಾಲ ಹಾರುತ್ತಿದ್ದ ಬ್ರಿಟಿಷ್ ವಿಮಾನಗಳಲ್ಲಿ ಒಬ್ಬನು ರೇಡಾರ್ ತೆರೆಯನ್ನೇ ನೋಡುತ್ತ ಕೂರಬೇಕಾಗಿತ್ತು. ಅವನ ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ವಾಯುಪಡೆಯ ಪ್ರಶ್ನೆಯನ್ನು ಕೇಂಬ್ರಿಡ್ಜ್‌ನಲ್ಲಿ ಕೈಗೆತ್ತಿಕೊಂಡ ನಾರ್ಮನ್ ಮ್ಯಾಕ್‌ವರ್ತ್ ರೂಪಿಸಿದ ಪರೀಕ್ಷೆಯ ಸರಳತೆ ಇಂದಿಗೂ ಮೆಚ್ಚುವಂಥದು. ಅಂಕಿಗಳಿಲ್ಲದ ಬಿಳಿಯ ಮುಖಫಲಕದ ಮೇಲೆ ಕಪ್ಪು ಮುಳ್ಳೊಂದು ಸೆಕೆಂಡಿಗೊಂದು ಹೆಜ್ಜೆಯಂತೆ, 100 ಹೆಜ್ಜೆಗೆ ಒಂದು ಸುತ್ತು ಬರುತ್ತಿತ್ತು. ಅರ್ಧ ಗಂಟೆಯಲ್ಲಿ 12 ಸಲ ಮಾತ್ರ, ಹೊತ್ತುಗೊತ್ತಿಲ್ಲದೆ, ಅದು ಒಮ್ಮೆಗೇ ಎರಡು ಹೆಜ್ಜೆ ಜಿಗಿಯುತ್ತಿತ್ತು. ಒಂಟಿಯಾಗಿ ಎರಡು ಗಂಟೆ ಕುಳಿತವನು ಆ ಜಿಗಿತ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಮೊದಲ ಅರ್ಧ ಗಂಟೆಯಲ್ಲಿ ಶೇ. 15ರಷ್ಟು ಜಿಗಿತಗಳು ತಪ್ಪಿಹೋದರೆ, ಆಮೇಲೆ ಆ ಪ್ರಮಾಣ ಶೇ. 25ನ್ನು ದಾಟಿತು. ಇಳಿಕೆಯ ಬಹುಭಾಗ ಆ ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆಯೇ ಆಗಿಹೋಗಿತ್ತೆಂಬುದು ಇದರಲ್ಲಿ ಅತ್ಯಂತ ಮುಖ್ಯವಾದ ಸಂಗತಿ, ಏಕೆಂದರೆ ಅಷ್ಟು ಬೇಗ ಯಾವ ತರುಣನ ಕಣ್ಣೂ ದಣಿಯುವುದಿಲ್ಲ. ನಡುವೆ ಬಂದ ಒಂದು ದೂರವಾಣಿ ಕರೆಯಿಂದಲೇ ಅವನ ಗಮನ ಮೊದಲಿನಂತಾಗುತ್ತಿತ್ತು. ಅರ್ಧ ಗಂಟೆ ಕಾವಲು, ಅರ್ಧ ಗಂಟೆ ವಿಶ್ರಾಂತಿ ಎಂಬ ಕ್ರಮದಲ್ಲಿ ಇಳಿಕೆ ಕಾಣಲೇ ಇಲ್ಲ. 1948ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ, ಕಾವಲುಗಾರನ ಲೋಪವನ್ನು ಶಿಕ್ಷೆಯಿಂದ ತಿದ್ದಬಹುದೆಂಬ ನಂಬಿಕೆಗೆ ಆಧಾರ ಉಳಿಯಲಿಲ್ಲ.

ಈ ಲೋಪದ ಬೇರು ಯಾವುದೆಂಬುದಕ್ಕೆ ಸುಳಿವು ರಷ್ಯಾದಲ್ಲಿ ಮೊದಲೇ ದೊರೆತಿತ್ತು. ಪಾವ್ಲೊವ್‌ನ ಪ್ರಯೋಗಶಾಲೆಯ ನಾಯಿಗಳು ಅಪರಿಚಿತರು ಒಳಬಂದೊಡನೆ ಕಲಿತ ಪಾಠವನ್ನು ಬಿಟ್ಟು ಅತ್ತ ಕಿವಿ ನಿಮಿರಿಸುತ್ತಿದ್ದವು. ಈ ಅನೈಚ್ಛಿಕ ಹೊರಳುವಿಕೆಯನ್ನು ಆತ ‘ಏನಿದು?’ ಪ್ರತಿವರ್ತನೆ ಎಂದು ಕರೆದನು. ಮುಂದೆ ಮಾಸ್ಕೋದ ಎವ್ಗೆನಿ ಸೊಕೊಲೊವ್ ಒಂದೇ ಸ್ವರವನ್ನು ಮತ್ತೆಮತ್ತೆ ಕೇಳಿಸಿದಾಗ ಈ ಪ್ರತಿವರ್ತನೆ ಕ್ರಮೇಣ ಅಡಗುವುದನ್ನೂ, ಸ್ವರವನ್ನು ಮೊದಲಿಗಿಂತ ಮೆಲ್ಲಗೆ ನುಡಿಸಿದರೂ ಅದು ಮರಳುವುದನ್ನೂ ತೋರಿಸಿದನು. ಸದ್ದು ಕಡಿಮೆಯಾದಾಗಲೂ ಎಚ್ಚರ ಮೂಡುವುದಾದರೆ ಅದನ್ನು ಮೂಡಿಸುವುದು ಸದ್ದಿನ ಬಲವಾಗಿರಲಾರದು. ಮಿದುಳು ತಾನು ಕೇಳಿದ್ದರ ಒಂದು ಮಾದರಿಯನ್ನು ಒಳಗೆ ಕಟ್ಟಿಕೊಂಡು, ಅದಕ್ಕೆ ಹೊಂದದ್ದು ಬಂದಾಗ ಮಾತ್ರ ಎದ್ದು ನೋಡುತ್ತದೆಂಬುದು ಅವನ ತೀರ್ಮಾನ. ಮ್ಯಾಕ್‌ವರ್ತ್‌ನ ಮುಳ್ಳು ಗಂಟೆಗಟ್ಟಲೆ ಒಂದೇ ಲಯದಲ್ಲಿ ನಡೆದು ಮಿದುಳನ್ನು ಸುಮ್ಮನಾಗಿಸುತ್ತಿದ್ದ ಬಗೆಯೂ ಇದರ ಬೆಳಕಿನಲ್ಲಿ ಬಹುಮಟ್ಟಿಗೆ ಅರ್ಥವಾಗುತ್ತದೆ. ಆ ಎಚ್ಚರದ ನೆಲೆಯನ್ನು 1949ರಲ್ಲಿ ಮೊರುಝಿ ಮತ್ತು ಮಗೂನ್ ಗುರುತಿಸಿದ್ದರು: ಅರಿವಳಿಕೆಯಲ್ಲಿದ್ದ ಬೆಕ್ಕಿನ ಮಿದುಳಕಾಂಡದಲ್ಲಿರುವ, ನರಕೋಶಗಳು ಬಲೆಯಂತೆ ಹೆಣೆದ ಜಾಲರಚನೆಗೆ ವಿದ್ಯುತ್ ಹರಿಸಿದಾಗ ಮಿದುಳಿನ ನಿಧಾನದ ಅಲೆಗಳು ಎಚ್ಚರದ ವೇಗದ ಅಲೆಗಳಾಗಿ ಬದಲಾಗಿದ್ದವು.

ಕಿವಿಯ ಕಾವಲಿನ ಪ್ರಶ್ನೆಯನ್ನೂ ಒಂದು ಕಸುಬೇ ಎತ್ತಿತು. ಹಲವು ಪೈಲಟ್‌ಗಳ ದನಿಗಳು ಒಂದೇ ಸ್ಪೀಕರಿನಲ್ಲಿ ಕಲೆತು ಬರುತ್ತಿದ್ದ ವಿಮಾನ ಸಂಚಾರ ನಿಯಂತ್ರಕರ ತೊಡಕು ಆ ಕಾಲದ ಸಂಶೋಧಕರನ್ನು ಕಾಡುತ್ತಿತ್ತು. 1953ರಲ್ಲಿ ಕಾಲಿನ್ ಚೆರ್ರಿ ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ ಒಂದನ್ನು ಮಾತ್ರ ಗಟ್ಟಿಯಾಗಿ ಪುನರುಚ್ಚರಿಸಲು ಹೇಳಿದಾಗ, ಇನ್ನೊಂದರ ಅರ್ಥವಿರಲಿ, ಅದರ ಭಾಷೆ ಬದಲಾದದ್ದೂ ಕೇಳುಗರ ಅರಿವಿಗೆ ಬರಲಿಲ್ಲ. ಇದನ್ನು ನೆಚ್ಚಿ ಡೊನಾಲ್ಡ್ ಬ್ರಾಡ್‌ಬೆಂಟ್ 1958ರಲ್ಲಿ ಮಿದುಳಿನ ಬಾಗಿಲಲ್ಲೇ ಒಂದು ಜರಡಿಯಿದೆಯೆಂದು ವಾದಿಸಿದನು. ಮರುವರ್ಷವೇ ನೆವಿಲ್ ಮೊರೆ, ಅಲಕ್ಷಿತ ಕಿವಿಯಲ್ಲಿ ಕೇಳುಗನ ಸ್ವಂತ ಹೆಸರು ನುಡಿದರೆ ಸುಮಾರು ಮೂರರಲ್ಲಿ ಒಂದು ಪಾಲು ಜನ ಅದನ್ನು ಗುರುತಿಸುವರೆಂದು ತೋರಿಸಿದ್ದರಿಂದ, ಆ ಜರಡಿ ಅಷ್ಟು ಬಿಗಿಯಾದುದಲ್ಲವೆಂದು ಒಪ್ಪಬೇಕಾಯಿತು.

ಸೊಕೊಲೊವ್ ಊಹಿಸಿದ ಒಳಗಿನ ಹೋಲಿಕೆಗೆ ಅಳೆಯಬಹುದಾದ ಗುರುತು 1978ರಲ್ಲಿ ದೊರೆಯಿತು. ಫಿನ್ಲೆಂಡಿನ ರಿಸ್ಟೊ ನ್ಯಾಟನೆನ್ ಮತ್ತು ಸಂಗಡಿಗರು ಒಂದೇ ಬಗೆಯ ಸ್ವರಗಳ ಸಾಲಿನಲ್ಲಿ ಬೇರೊಂದು ಸ್ವರ ನುಸುಳಿದೊಡನೆ, ಸೆಕೆಂಡಿನ ಕಾಲುಭಾಗ ಕಳೆಯುವ ಮೊದಲೇ, ಮಿದುಳಿನಲ್ಲಿ ಒಂದು ಸಣ್ಣ ಋಣ ವಿದ್ಯುತ್ ಅಲೆ ಏಳುವುದನ್ನು ದಾಖಲಿಸಿದರು. ಕೇಳುಗನು ಪುಸ್ತಕದಲ್ಲಿ ಮುಳುಗಿ ಸ್ವರಗಳತ್ತ ಗಮನ ಕೊಡದಿದ್ದರೂ ಈ ಅಲೆ ಕಾಣಿಸಿಕೊಳ್ಳುತ್ತದೆ. ಗಾಢ ಪ್ರಜ್ಞಾಹೀನತೆಯಲ್ಲಿರುವ ರೋಗಿಗಳಲ್ಲಿ ಇದು ಕಂಡುಬಂದರೆ, ಅವರಿಗೆ ಪ್ರಜ್ಞೆ ಮರಳುವ ಸಾಧ್ಯತೆ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ.