ದೋಣಿಯ ಬೋಲ್ಟು ಮತ್ತು ಕಂದು ಕಾಗದ



ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನಿಗೆ ಮೀನುಗಾರಿಕೆಯ ಮರದ ದೋಣಿಯೊಂದಿದೆ. ಕುಳಿತವನೇ ಕಿಸೆಯಿಂದ ಪೊಟ್ಟಣವೊಂದನ್ನು ತೆಗೆದು, ಮುರಿದ ಬೋಲ್ಟಿನ ಎರಡು ತುಂಡುಗಳನ್ನು ನನ್ನ ಮುಂದಿಟ್ಟ. ತಲೆಯೂ, ನಟ್ಟು ಕೂರುವ ತುದಿಯೂ ಬೆಳ್ಳಿಯಂತೆ ಹೊಳೆಯುತ್ತಿದ್ದವು. ನಡುವಿನ, ಮರದೊಳಗೆ ಹುದುಗಿದ್ದ ಭಾಗ ಮಾತ್ರ ಇಲಿ ಕಡಿದ ಪೆನ್ಸಿಲಿನಂತೆ ಸವೆದು ಹೋಗಿತ್ತು.

“ಸರ್, ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಒಂಬತ್ತನೆಯ ತರಗತಿಯಲ್ಲಿ ಬರೆಸಿದ್ದಿರಿ” ಎಂದ.

ಅದು ದೂರಿನ ಧ್ವನಿಯಾಗಿರಲಿಲ್ಲ. ಹಾಗಾಗಿಯೇ ನನಗೆ ಹೆಚ್ಚು ನಾಟಿತು. ಚುಕ್ಕಾಣಿಯನ್ನು ಹಿಡಿದಿದ್ದ ಬೋಲ್ಟುಗಳಲ್ಲಿ ಅದೂ ಒಂದು. ಅಳಿವೆ ದಾಟುವಾಗ ಚುಕ್ಕಾಣಿ ಕಳಚಿ, ದೋಣಿ ಅಲೆಗೆ ಅಡ್ಡಬಿದ್ದಿತ್ತು. ಒಳಗೆ ಐದು ಮಂದಿ. ಹಿಂದಿದ್ದ ದೋಣಿಯವರು ಹಗ್ಗ ಎಸೆದು ಎಳೆದು ತಂದುದರಿಂದ ಎಲ್ಲರೂ ಮನೆ ಸೇರಿದರು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಅದೇ ವಾಕ್ಯವನ್ನು ಬರೆಸಿದವನು ನಾನು. ಅದರಲ್ಲಿ ಅರ್ಧ ಮಾತ್ರ ಸತ್ಯವಿತ್ತು. ಉಳಿದರ್ಧವನ್ನು ಹುಡುಕುತ್ತ ಹೋದಾಗ ಸಿಕ್ಕಿದ ಇತಿಹಾಸವೇ ಈ ಲೇಖನ.

ಹಲಗೆಗಳನ್ನು ಒಂದಕ್ಕೊಂದು ಹಿಡಿದಿಡುವುದು ಹೇಗೆ ಎಂಬುದು ದೋಣಿ ಕಟ್ಟುವವರ ಅತಿ ಹಳೆಯ ಪ್ರಶ್ನೆ. ನಮ್ಮ ಕಡಲಿನವರು ಬಹುಕಾಲ ಕೊಟ್ಟ ಉತ್ತರ ತೆಂಗಿನ ನಾರಿನ ಹಗ್ಗ. ಹಲಗೆಯ ಅಂಚಿಗೆ ತೂತು ಕೊರೆದು ಬಟ್ಟೆಯಂತೆ ಹೊಲಿಯುತ್ತಿದ್ದರು. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಗ್ರಂಥವು ಸಮುದ್ರಯಾನದ ನೌಕೆಗೆ ಕಬ್ಬಿಣ ಬೇಡವೆನ್ನುತ್ತದೆ. ಕಡಲೊಳಗಿನ ಅಯಸ್ಕಾಂತದ ಬಂಡೆಗಳು ಸೆಳೆದಾವೆಂಬುದು ಅದು ಕೊಡುವ ಕಾರಣ. ಕಾರಣ ತಪ್ಪು. ಆದರೆ ಉಪ್ಪುನೀರಿನಲ್ಲಿ ಕಬ್ಬಿಣದ ಮೊಳೆಯ ಗತಿ ನೋಡಿದವರಿಗೆ ಸಲಹೆ ಅಷ್ಟೇನೂ ತಪ್ಪೆನಿಸದು. ಹೀಗೆ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಡಗನ್ನು ನಮ್ಮ ನೌಕಾಪಡೆಯು 2025ರ ಮೇ ತಿಂಗಳಿನಲ್ಲಿ ನಮ್ಮದೇ ಕಾರವಾರದಲ್ಲಿ ಸೇರಿಸಿಕೊಂಡಿತು.

ಯುರೋಪಿನವರು ಕಬ್ಬಿಣವನ್ನೇ ನಂಬಿದರು. ಅವರ ದೊಡ್ಡ ಶತ್ರು ತುಕ್ಕಲ್ಲ, ಮರ ಕೊರೆಯುವ ಹಡಗುಹುಳು. (ಹೆಸರಿಗೆ ಹುಳು, ನಿಜದಲ್ಲಿ ಚಿಪ್ಪುಮೀನಿನ ಬಂಧು.) ಅದನ್ನು ತಡೆಯಲು ಬ್ರಿಟಿಷ್ ನೌಕಾಪಡೆಯು 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿತು. ನೌಕೆ ವೆಸ್ಟ್ ಇಂಡೀಸ್‌ಗೆ ಹೋಗಿ ಬಂದ ಮೇಲೆ, 1763ರಲ್ಲಿ ಪರೀಕ್ಷಿಸಿದರು. ಹುಳು ಮುಟ್ಟಿರಲಿಲ್ಲ. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಅಲ್ಲೊಂದು ಸೋಜಿಗವನ್ನು ಅವರು ಗಮನಿಸಿದರು. ತಗಡು ಸುತ್ತಿ ಬಂದಿದ್ದ ಕಂದು ಕಾಗದವು ಎಲ್ಲೆಲ್ಲಿ ಮೊಳೆಗೂ ತಾಮ್ರಕ್ಕೂ ನಡುವೆ ಸಿಕ್ಕಿಕೊಂಡು ಉಳಿದಿತ್ತೋ ಅಲ್ಲಿನ ಮೊಳೆಗಳು ಗಟ್ಟಿಯಾಗಿಯೇ ಇದ್ದವು.

ಗಾಲ್ವಾನಿಯ ಕಪ್ಪೆ, ವೋಲ್ಟಾನ 1800ರ ವಿದ್ಯುತ್ ಕೋಶ ಇವೆರಡೂ ಇನ್ನೂ ಬಂದಿರಲಿಲ್ಲ. ಎರಡು ಬಗೆಯ ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ತಾಗಿದರೆ ಅದೇ ಒಂದು ಕೋಶವಾಗಿ, ಕೆಳದರ್ಜೆಯ ಲೋಹ ತನ್ನನ್ನು ತಾನೇ ತೆರುತ್ತದೆ ಎಂದು ವಿವರಿಸಬಲ್ಲವರು ಆಗ ಯಾರೂ ಇರಲಿಲ್ಲ. ಆದರೂ ಆ ಹರಕು ಕಾಗದದ ತುಣುಕು ಸಾಕ್ಷಿ ಹೇಳಿತ್ತು. 1779ರಿಂದ, ಅಮೆರಿಕದ ಯುದ್ಧದ ಅವಸರದಲ್ಲಿ, ಇಡೀ ನೌಕಾಪಡೆಗೆ ತಾಮ್ರ ಹೊದಿಸುವಾಗ ನಡುವೆ ದಪ್ಪ ಕಾಗದ ಇಟ್ಟರೆ ಸಾಕೆಂದು ನಂಬಿದರು. ಸಾಲಲಿಲ್ಲ. ಕಾಗದವನ್ನು ದಾಟಿ ನೀರು ಹೋಯಿತು. ಹಡಗಿನ ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಬೀಳದಂತೆ, ಕಬ್ಬಿಣದ ಬೋಲ್ಟುಗಳು ಸವೆದವು. ಕೊನೆಗೆ ಬರ್ಮಿಂಗ್‌ಹ್ಯಾಮ್‌ನವರು ತಣ್ಣಗಿನ ತಾಮ್ರವನ್ನೇ ಉರುಳೆಗಳಲ್ಲಿ ಒತ್ತಿ ಗಟ್ಟಿಗೊಳಿಸಿ ಬೋಲ್ಟು ಮಾಡುವ ಕ್ರಮವನ್ನು 1783ರಲ್ಲಿ ಕಂಡುಕೊಂಡರು. 1786ರಲ್ಲಿ ಹಡಗುಗಳಿಗೆಲ್ಲ ತಾಮ್ರದ ಬೋಲ್ಟನ್ನೇ ಹಾಕಬೇಕೆಂಬ ಆಜ್ಞೆಯಾಯಿತು. ‘ಅಲಾರ್ಮ್’ನ ವರದಿ ಬಂದು ಆಗಲೇ ಇಪ್ಪತ್ತಮೂರು ವರ್ಷಗಳಾಗಿದ್ದವು! ವರದಿಗಳ ಹಣೆಬರಹ ಅಂದೂ ಇಂದೂ ಒಂದೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡಲು ಹೊರಟು, ಸುಮಾರು ಶೇಕಡ 13 ಕ್ರೋಮಿಯಂ ಬೆರೆಸಿದ ಉಕ್ಕನ್ನು ತಯಾರಿಸಿದ. ಅದೇ ಕಾಲದಲ್ಲಿ ಜರ್ಮನಿಯ ಕ್ರುಪ್ ಕಂಪನಿಯವರು ಕ್ರೋಮಿಯಂ ಜೊತೆಗೆ ನಿಕ್ಕಲ್ ಕೂಡ ಬೆರೆಸಿದರು. ಇಂದಿನ ಬೋಲ್ಟುಗಳು ಆ ವಂಶದವು. ಇದಕ್ಕೆ ತುಕ್ಕು ಹಿಡಿಯದಿರಲು ಕಾರಣ ಮೇಲ್ಮೈಯ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆ. ಗೀರಿದರೆ ಗಾಳಿಯ ಆಮ್ಲಜನಕದಿಂದ ಅದು ತಾನೇ ಮತ್ತೆ ಬೆಳೆಯುತ್ತದೆ. ಇಷ್ಟನ್ನು ನಾನು ಪಾಠದಲ್ಲಿ ಹೇಳುತ್ತಿದ್ದೆ. ಹೇಳದೆ ಬಿಟ್ಟದ್ದು ಇದು: ಆಮ್ಲಜನಕ ಸಿಗದ ಕಡೆ ಪೊರೆ ಬೆಳೆಯದು. ಒದ್ದೆ ಮರದ ತೂತಿನಲ್ಲಿ ಉಪ್ಪುನೀರು ಒಳಸೇರಿ ನಿಂತರೆ, ಅಲ್ಲಿ ಗಾಳಿಯಾಡದೆ ಉಪ್ಪು ಪೊರೆಯನ್ನು ಭೇದಿಸುತ್ತದೆ. ಹೊರಗಿನ ತಲೆ ಹೊಳೆಯುತ್ತಲೇ ಇರುತ್ತದೆ. ಕಬ್ಬಿಣವಾದರೆ ಕೆಂಪು ನೀರು ಇಳಿಸಿ ಎಚ್ಚರಿಸುತ್ತದೆ. ಈ ಲೋಹಕ್ಕೆ ಆ ಪ್ರಾಮಾಣಿಕತೆ ಕಡಿಮೆ.

ಅಂಗಡಿಯಲ್ಲಿ ಬೋಲ್ಟು ಕೊಳ್ಳುವಾಗ ಅವನು ಅಯಸ್ಕಾಂತ ಹಿಡಿದು, ಅಂಟಲಿಲ್ಲವೆಂದು ಒಳ್ಳೆಯದೆಂದೇ ತಂದಿದ್ದ. ಆದರೆ 304, 316 ಎಂಬ ಎರಡು ಬಗೆಗಳೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟವು. ಎರಡರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ಉಪ್ಪಿಗೆ ಹೆಚ್ಚು ತಾಳುತ್ತದೆ. ನೋಡಬೇಕಾದದ್ದು ತಲೆಯ ಮೇಲಿನ ಅಚ್ಚನ್ನು: ಎ2 ಎಂದಿದ್ದರೆ ಮೊದಲ ಬಗೆ, ಎ4 ಎಂದಿದ್ದರೆ ಎರಡನೆಯದು. ಅವನ ಬೋಲ್ಟನ್ನು ಭೂತಗನ್ನಡಿಯಲ್ಲಿ ನೋಡಿದೆವು. ಎ2.

ನೀರಿನ ಮಟ್ಟಕ್ಕಿಂತ ಕೆಳಗೆ, ಮರದೊಳಗೆ, ಸಿಲಿಕಾನ್ ಕಂಚೇ ಮೇಲೆಂದು ತಿಳಿದವರ ಮತ. ಅದರ ಬೆಲೆ ಕೇಳಿ ಅವನು ಸುಮ್ಮನಾದ. ಕೊನೆಗೆ 316ನ್ನೇ ಆರಿಸಿದೆವು. ಆದರೆ ಹಾಕುವ ಕ್ರಮ ಬದಲಾಯಿತು. ಹಳೆಯ ತೂತುಗಳನ್ನು ಒಣಗಲು ಬಿಟ್ಟು, ಬೋಲ್ಟಿನ ಮೈಗೂ ತಲೆಯಡಿಗೂ ನೀರು ನುಸುಳದಂತೆ ಮೆತ್ತುವ ಲೇಪ ಹಚ್ಚಿ, ಅಗಲವಾದ ವಾಷರ್ ಇಟ್ಟು ಬಿಗಿದೆವು. (‘ಬಿಗಿದೆವು’ ಎಂಬುದು ಬಡಾಯಿ. ನಾನು ಸ್ಟೂಲಿನ ಮೇಲೆ ಕುಳಿತಿದ್ದೆ.) ಸ್ಟೀಲಿನ ನಟ್ಟನ್ನು ಒಣದಾಗಿ ರಭಸದಿಂದ ತಿರುಗಿಸಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು, ಆದುದರಿಂದ ಎಳೆಗೆ ಜಿಡ್ಡು ಸವರಿ ನಿಧಾನವಾಗಿ ತಿರುಗಿಸಬೇಕು. ಎರಡು ನಟ್ಟುಗಳು ಹೀಗೆ ಕಚ್ಚಿಕೊಂಡ ಮೇಲೆಯೇ ಇದು ನಮಗೆ ಅರಿವಾದದ್ದು.

ಆ ದಿನ ಕಳಚಿದ ಹನ್ನೆರಡು ಹಳೆಯ ಬೋಲ್ಟುಗಳಲ್ಲಿ ನಾಲ್ಕು ನಡುವೆ ಸವೆದಿದ್ದವು. ಯಾವುದರ ತಲೆಯಲ್ಲೂ ಒಂದು ಕಲೆಯಿರಲಿಲ್ಲ. ಇನ್ನು ಪ್ರತಿ ಮಳೆಗಾಲ, ಮೀನುಗಾರಿಕೆ ನಿಂತಿರುವ ಎರಡು ತಿಂಗಳಲ್ಲಿ, ಒಂದೆರಡು ಬೋಲ್ಟುಗಳನ್ನು ಹೊರತೆಗೆದು ನೋಡುವುದೆಂದು ಅವನು ನಿಶ್ಚಯಿಸಿದ್ದಾನೆ. ಮುರಿದ ಬೋಲ್ಟನ್ನು ನನಗೇ ಬಿಟ್ಟುಹೋದ. ಅದು ಬಂದ ಪೊಟ್ಟಣದ ಕಾಗದವೂ ಕಂದು ಬಣ್ಣದ್ದೇ. ಎರಡನ್ನೂ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.